ಕೆಂಪು ಬಿಳಿ ಪಟ್ಟಿಯ ಆಚೆಗೆ

ಅಲ್ ಅಜೈಬಾ, ಮಸ್ಕತ್
ಬುಧವಾರ

ಡೀನಾಳ ಹೊಟ್ಟೆಯೊಳಗೆ ಕಾಲು ಚಾಚಲು ಜಾಗ ಸಾಲದೆ ಒದೆಯುತ್ತಿರುವ ನನ್ನ ಮಗುವೇ,

ನಿನಗೆ ಇನ್ನೂ ಹೆಸರಿಟ್ಟಿಲ್ಲ. ಹಾಗಾಗಿ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ನಾನು ನಿನ್ನ ತಾಯಿಯ ಅಪ್ಪ, ಫೌಸ್ಟಿನ್. ಮಂಗಳೂರಿನವನು, ಆದರೆ ಅರ್ಧಕ್ಕಿಂತ ಹೆಚ್ಚು ಆಯುಷ್ಯವನ್ನು ಈ ಒಮಾನಿನಲ್ಲಿ ಕಳೆದವನು. ನಾಡಿದ್ದು ನಿನ್ನ ಅಪ್ಪ ಜೋಸ್ಟನ್ ಮಂಗಳೂರಿನ ವಿಮಾನ ಹತ್ತುತ್ತಾನೆ, ನೀನು ಹುಟ್ಟುವ ಹೊತ್ತಿಗೆ ಅಲ್ಲಿರಬೇಕೆಂದು. ಅವನ ಬ್ಯಾಗಿನಲ್ಲಿ ಈ ಕಾಗದ ಇರುತ್ತದೆ, ಪಕ್ಕದ ಸೀಟಿನಲ್ಲಿ ನಾನು ಇರುವುದಿಲ್ಲ. ಯಾಕೆ ಇರಲಿಲ್ಲ ಎಂದು ಮುಂದೆ ಯಾರಾದರೂ ನಿನಗೆ ಹೇಳಿಯಾರು. ಆದರೆ ಬೇರೆಯವರ ಬಾಯಲ್ಲಿ ನಾನು ದೊಡ್ಡ ತ್ಯಾಗಿ ಆಗಿಬಿಡುತ್ತೇನೆ. ಕಾಯಿಲೆ ಬಿದ್ದವರ ಬಗ್ಗೆ ನಮ್ಮವರು ಒಳ್ಳೆಯದನ್ನು ಬಿಟ್ಟು ಬೇರೇನನ್ನೂ ಆಡುವುದಿಲ್ಲ. ಅದಕ್ಕೇ ನಾನೇ ಬರೆಯಲು ಕುಳಿತೆ.

ಕನ್ನಡದಲ್ಲಿ ಯಾಕೆ ಎಂದು ಕೇಳಬೇಡ. ನಮ್ಮ ಮನೆಮಾತು ಕೊಂಕಣಿ. ನಿನ್ನ ತಾಯಿ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದಿದವಳು, ನಾನು ಕೊಂಕಣಿಯಲ್ಲಿ ಗದರಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ನಾನು ಅಕ್ಷರ ತಿದ್ದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಪ್ರಾರ್ಥನೆ ಕೊಂಕಣಿಯಲ್ಲಿ, ಆಫೀಸಿನ ರಿಪೋರ್ಟು ಇಂಗ್ಲಿಷಿನಲ್ಲಿ, ಮನಸ್ಸಿನಲ್ಲಿದ್ದದ್ದನ್ನು ಬರೆಯುವುದಾದರೆ ಕನ್ನಡದಲ್ಲಿ. ನಿನಗೆ ಓದಲು ಬಾರದಿದ್ದರೆ ನಿನ್ನ ಅಜ್ಜಿ ರೋಸಲಿಂಡ್ ಓದಿ ಹೇಳುತ್ತಾಳೆ. ನಡುನಡುವೆ ತನ್ನದೂ ಒಂದಿಷ್ಟು ಸೇರಿಸುತ್ತಾಳೆ, ಅದನ್ನು ನಂಬಬೇಡ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಯಾಕೆಂದರೆ ಈ ಕತೆ ಕೆಟ್ಟದ್ದು ಅಲ್ಲಿಂದಲೇ. ನಾನು ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಆಫೀಸು ಅಲ್ ಖುವೈರ್‌ನಲ್ಲಿ, ಕೆಲಸ ಬಿಸಿಲಿನಲ್ಲಿ. ಹೊಂಡ ತೋಡಿದಲ್ಲಿ, ಕ್ರೇನ್ ನಿಂತಲ್ಲಿ, ಕರೆಂಟಿನ ವೈರು ಹಾದಲ್ಲಿ ಯಾರೂ ಹತ್ತಿರ ಬರದ ಹಾಗೆ ಕೆಂಪು ಬಿಳಿ ಪಟ್ಟಿ ಕಟ್ಟಿಸುವವನು ನಾನೇ. ನಿಯಮ ಒಂದು ಗೇಣು ದೂರ ಎಂದರೆ ನಾನು ಒಂದು ಮೊಳ ಬಿಡಿಸುತ್ತಿದ್ದೆ. ಕೆಲಸದವರು ನನ್ನನ್ನು ಕಂಡ ಕೂಡಲೇ "ಟೇಪ್‌ವಾಲಾ ಆ ಗಯಾ" ಎಂದು ಹೆಲ್ಮೆಟ್ ಹುಡುಕುತ್ತಿದ್ದರು. ನನಗೆ ಅದು ಬಿರುದಿನ ಹಾಗೆ ಹಿತವಾಗಿತ್ತು. ನನ್ನ ಸೈಟಿನಲ್ಲಿ ಒಬ್ಬನ ಜೀವವೂ ಹೋಗಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಬೇರೆಯವರ ಜೀವ ಎಂದು ಓದಿಕೋ.

ನನ್ನ ಹಿಮ್ಮಡಿಯ ವಿಚಾರದಲ್ಲಿ ಮಾತ್ರ ಯಾವ ಪಟ್ಟಿಯನ್ನೂ ಕಟ್ಟಲಿಲ್ಲ. ದಿನವಿಡೀ ಸೇಫ್ಟಿ ಶೂ ಹಾಕಿದರೆ ಹಿಮ್ಮಡಿ ಒಡೆಯುತ್ತದೆ, ಆಣಿ ಏಳುತ್ತದೆ. ನಮ್ಮ ಕರಾವಳಿಯವರಿಗೆ ಅದಕ್ಕೆ ಮದ್ದು ಗೊತ್ತು, ಗೇರುಬೀಜದ ಸಿಪ್ಪೆಯ ಎಣ್ಣೆ. ಹಚ್ಚಿದರೆ ಉರಿಯುತ್ತದೆ, ಚರ್ಮ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಸಿಪ್ಪೆ ಎದ್ದು ಹೋಗುತ್ತದೆ. ಪ್ರತಿ ಸಲ ಊರಿನಿಂದ ಬರುವಾಗ ಒಂದು ಸಣ್ಣ ಬಾಟಲಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿ, ಅಕ್ಕಿ ಹಪ್ಪಳದ ನಡುವೆ ಇಟ್ಟು ತರುತ್ತಿದ್ದೆ. ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ ಹೋಗದೆ ನಿಂತಿತು. ರೋಸಲಿಂಡ್ ಕೇಳಿದಳು, "ಇದು ಯಾಕೆ ಹೋಗುವುದಿಲ್ಲ ಮಾರಾಯ್ರೆ?" ನಾನು ಹೇಳಿದೆ, "ಗೇರೆಣ್ಣೆಯ ಕಲೆ ಅಂದರೆ ಸುಮ್ಮನೆಯಾ? ಬಟ್ಟೆಗೆ ಬಿದ್ದದ್ದೇ ಹೋಗುವುದಿಲ್ಲ." ಹೇಳಿ, ಅದರ ಮೇಲೆಯೇ ಇನ್ನೊಂದು ಸಲ ಹಚ್ಚಿದೆ.

ಕಳ್ಳ ಕಪ್ಪು ಕೋಣೆಯಲ್ಲಿ ಕಪ್ಪು ಕಂಬಳಿ ಹೊದ್ದು ಕುಳಿತರೆ ಯಾರಿಗೆ ಕಾಣುತ್ತಾನೆ? ನನ್ನ ಕಾಯಿಲೆ ಹಾಗೆಯೇ ಕುಳಿತಿತ್ತು. ಕಂಬಳಿ ಹೊದಿಸುತ್ತಿದ್ದವನು ನಾನೇ.

ಅದು ಬೆಳಕಿಗೆ ಬಂದದ್ದು ಇಲ್ಲಿಯೇ ರೂವಿಯಲ್ಲಿರುವ ನಮ್ಮ ಇಗರ್ಜಿಯಲ್ಲಿ. ಈಸ್ಟರಿನ ಮೊದಲಿನ ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಆ ವರ್ಷ ನನ್ನನ್ನೂ ಕುಳ್ಳಿರಿಸಿದ್ದರು. ಬಿಳಿ ಟವೆಲಿನಲ್ಲಿ ಒರೆಸುವಾಗ ಕಲೆಯ ಜಾಗದಿಂದ ಚೂರು ರಕ್ತ ಬಂತು. ಮೊದಲ ಸಾಲಿನಲ್ಲಿ ಕುಳಿತಿದ್ದ ಕ್ಲೆಮೆಂಟಿನಾ ಅದನ್ನು ನೋಡಿದಳು. ಅವಳು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗದ ನರ್ಸು, ಉಡುಪಿ ಕಡೆಯವಳು. ಪೂಜೆ ಮುಗಿದ ಮೇಲೆ ಹೊರಗೆ ಕಾದು ನಿಂತು, "ಅಂಕಲ್, ಶೂ ಹಾಕಬೇಡಿ, ಒಮ್ಮೆ ತೋರಿಸಿ" ಎಂದಳು. ನಾನು ಗೇರೆಣ್ಣೆಯ ಪುರಾಣ ತೆಗೆದೆ. ಅವಳು ನಗಲಿಲ್ಲ. ಸೋಮವಾರವೇ ಆಸ್ಪತ್ರೆಗೆ ಬರಬೇಕೆಂದು ಹೇಳಿ ಹೋದಳು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಅದು ಚರ್ಮದ ಕ್ಯಾನ್ಸರ್, ಹಿಮ್ಮಡಿಯಲ್ಲಿ ಬರುವ ಕೆಟ್ಟ ಜಾತಿಯದು. ಹಿಮ್ಮಡಿಯ ಆ ಭಾಗವನ್ನು ಕತ್ತರಿಸಿದರು, ತೊಡೆಸಂದಿಯ ಗಂಟು ತೆಗೆದರು. ಕೆಲವು ತಿಂಗಳಲ್ಲಿ ಮೀನಖಂಡದ ಮೇಲೆ ಸಾಲಾಗಿ ಕಪ್ಪು ಗಂಟುಗಳು ಎದ್ದವು, ಕರಿಮೆಣಸು ಒಣಹಾಕಿದ ಹಾಗೆ. ನರಕ್ಕೆ ಹನಿಸುವ ಮದ್ದು ಕೊಟ್ಟರು, ಅದಕ್ಕೆ ಅವು ಬಗ್ಗಲಿಲ್ಲ. ಆಗ ನನ್ನ ಡಾಕ್ಟರು ಮುಹಮ್ಮದ್, ಇಲ್ಲಿಯವರೇ ಆದ ಒಮಾನಿ, ಕುರ್ಚಿ ಹತ್ತಿರ ಎಳೆದು, "ಒಂದು ಹೊಸ ದಾರಿ ಇದೆ, ಫೌಸ್ಟಿನ್. ಆ ಗಂಟುಗಳಿಗೆ ಒಂದು ವೈರಸ್ ಚುಚ್ಚುತ್ತೇವೆ" ಎಂದರು.

ರೋಸಲಿಂಡ್ ಕುರ್ಚಿಯಿಂದ ಏಳುವುದೊಂದು ಬಾಕಿ. "ಕೊರೊನಾ ಬಂದಾಗ ನಾವು ಬಸಳೆ ಸೊಪ್ಪನ್ನೂ ಸೋಪಿನಲ್ಲಿ ತೊಳೆದವರು. ಈಗ ದುಡಿದು ತಿನ್ನುವ ಮನುಷ್ಯ ಕೇಳಿ ವೈರಸ್ ಚುಚ್ಚಿಸಿಕೊಳ್ಳುವುದಾ?" ಎಂದು ಕೊಂಕಣಿಯಲ್ಲಿ ನನ್ನ ಕಿವಿಗೆ ಹೇಳಿದಳು. ಡಾಕ್ಟರರಿಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ತಾಳ್ಮೆಯಿಂದ ವಿವರಿಸಿದರು. ಜ್ವರ ಬಂದು ಹೋದಾಗ ತುಟಿಯ ಅಂಚಿನಲ್ಲಿ ಗುಳ್ಳೆ ಏಳಿಸುತ್ತದಲ್ಲ, ಆ ವೈರಸ್ಸೇ ಅಂತೆ. ಆದರೆ ಅದನ್ನು ಹಾಗೆಯೇ ಬಿಡುವುದಿಲ್ಲ. ಒಳ್ಳೆಯ ಜೀವಕೋಶದೊಳಗೆ ಬದುಕಲು ಅದಕ್ಕೆ ಬೇಕಾದ ಗುಣವನ್ನು ಲ್ಯಾಬಿನಲ್ಲೇ ಕಿತ್ತುಹಾಕಿರುತ್ತಾರೆ. ಕ್ಯಾನ್ಸರ್ ಕೋಶ ಬೆಳೆಯುವ ಆತುರದಲ್ಲಿ ತನ್ನ ಕಾವಲನ್ನು ತಾನೇ ಬಿಟ್ಟುಕೊಟ್ಟಿರುತ್ತದೆ, ಹಾಗಾಗಿ ಅಲ್ಲಿ ಮಾತ್ರ ಈ ವೈರಸ್ ಬೆಳೆದು ಅದನ್ನು ಒಡೆಯುತ್ತದೆ. ಜೊತೆಗೆ ಒಂದು ಹೊಸ ಜೀನ್ ಸೇರಿಸಿರುತ್ತಾರೆ. ಅದು ಶತ್ರು ಇಲ್ಲಿದ್ದಾನೆ ಬನ್ನಿ ಎಂದು ಮೈಯ ಸೈನ್ಯವನ್ನು ಕೂಗಿ ಕರೆಯುತ್ತದೆ.

ನಾನು ಸ್ವಲ್ಪ ಯೋಚಿಸಿ ಕೇಳಿದೆ, "ಅಂದರೆ ಡಾಕ್ಟರ್, ಈ ವೈರಸ್ಸಿನ ವೀಸಾದಲ್ಲಿ ಒಬ್ಬನೇ ಕಫೀಲ್. ವೀಸಾ ಕೊಟ್ಟ ಆ ಧಣಿಯ ಮನೆಯಲ್ಲಿ ಬಿಟ್ಟು ಬೇರೆ ಎಲ್ಲಿಯೂ ಕೆಲಸ ಮಾಡುವ ಹಾಗಿಲ್ಲ. ಬೇರೆ ಬಾಗಿಲು ತಟ್ಟಿದರೆ ಖಲಾಸ್." ಅವರು ಗಟ್ಟಿಯಾಗಿ ನಕ್ಕರು. "ಮಾಶಾಅಲ್ಲಾ, ಇನ್ನು ಮುಂದೆ ಪೇಶೆಂಟುಗಳಿಗೆ ನಾನೂ ಹೀಗೆಯೇ ಹೇಳುತ್ತೇನೆ" ಎಂದರು. ಗುಣವಾಗುತ್ತದೆಂದು ಅವರು ಮಾತು ಕೊಡಲಿಲ್ಲ. ಸೂಜಿ ತಲುಪಿದಲ್ಲಿ ಕೆಲಸ ಮಾಡಬಹುದು, ತಲುಪದಲ್ಲಿಯೂ ಮೈಯ ಸೈನ್ಯ ಎಚ್ಚೆತ್ತರೆ ಅದೃಷ್ಟ, ಅಷ್ಟೇ ಹೇಳಿದರು. ನಾನು ಒಪ್ಪಿದೆ. ಮದ್ದು ಚುಚ್ಚಿದ ದಿನ ಮೈ ಗಡಗಡ ನಡುಗಿ ಜ್ವರ ಬರುತ್ತಿತ್ತು. ಎರಡು ವಾರ ಬಿಟ್ಟು ಮತ್ತೆ ಹೋಗುತ್ತಿದ್ದೆ.

ಆ ಸಮಯಕ್ಕೇ ನೀನು ಬರುವ ಸುದ್ದಿ ಬಂತು.

ಡೀನಾ ಮತ್ತು ಜೋಸ್ಟನ್ ಇದ್ದದ್ದು ಇದೇ ಅಜೈಬಾದಲ್ಲಿ, ನಮ್ಮ ಫ್ಲ್ಯಾಟಿನಿಂದ ಎರಡು ಗಲ್ಲಿ ಆಚೆ. ಮದುವೆಯಾಗಿ ಕೆಲವು ವರ್ಷ ಅವರು ನಿನಗಾಗಿ ಕಾದಿದ್ದರು, ಒಮ್ಮೆ ಬಂದು ಹೋದ ಜೀವಕ್ಕಾಗಿ ಅತ್ತಿದ್ದರು. ಸುದ್ದಿ ಕೇಳಿದಾಗ ನಾನು ಮೊದಲು ಮಾಡಿದ್ದು ಆಸ್ಪತ್ರೆಯವರು ಕೊಟ್ಟಿದ್ದ ಸೂಚನೆಯ ಹಾಳೆಯನ್ನು ಹುಡುಕಿದ್ದು. ಮದ್ದು ಚುಚ್ಚಿದ ಗಾಯವನ್ನು, ಅದರ ಬ್ಯಾಂಡೇಜನ್ನು ಗರ್ಭಿಣಿಯರು ಮುಟ್ಟಬಾರದು ಎಂದು ಅದರಲ್ಲಿತ್ತು. ಹುಟ್ಟಿದ ಮಗುವಿಗೂ ಅದು ತಾಗಬಾರದು ಎಂದಿತ್ತು. ಆ ಹಾಳೆ ಗೇಣು ಹೇಳಿತ್ತು. ನಾನು ಮೊಳ ಬಿಡಲು ಹೊರಟೆ.

ಸೈಟಿನಿಂದ ಒಂದು ಸುರುಳಿ ಪಟ್ಟಿ ತರಿಸಿ ನನ್ನ ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದೆ. ಹೌದು, ಅದೇ ಕೆಂಪು ಬಿಳಿ ಪಟ್ಟಿ. ನನ್ನ ತಟ್ಟೆ ಬೇರೆ, ಲೋಟ ಬೇರೆ, ಕೂರುವ ಕುರ್ಚಿ ಬೇರೆ. ರೋಸಲಿಂಡ್ ಮೊದಲು ಬಿದ್ದು ಬಿದ್ದು ನಕ್ಕಳು, "ಒಳಗೆ ಹೊಂಡ ತೋಡಿದ್ದಾರಾ ಅಂತ ಕೆಲಸದವಳು ಕೇಳುತ್ತಾಳೆ ನೋಡಿ" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಡೀನಾ ಬಂದರೆ ನಾನು ಕೋಣೆಯೊಳಗಿನಿಂದಲೇ ಮಾತಾಡುತ್ತಿದ್ದೆ. ಮಗಳು ಹಾಲ್‌ನ ಸೋಫಾದಲ್ಲಿ, ಅಪ್ಪ ಪಟ್ಟಿಯ ಹಿಂದೆ, ನಡುವೆ ಟಿ.ವಿ. ಯಾವುದೋ ವಾಹಿನಿಯಲ್ಲಿ ಯಾರೋ ಜಗಳವಾಡುತ್ತಿದ್ದರು, ನಾವು ಅದನ್ನೇ ನೋಡುತ್ತಿದ್ದೆವು.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಒಬ್ಬೊಬ್ಬರಾಗಿ ಬಂದು "ಬೆಸಾಂವ್ ದೀ" ಎನ್ನುತ್ತಾರೆ. ಆಶೀರ್ವಾದ ಕೊಡಿ ಎಂದು ಅರ್ಥ. ಹಿರಿಯರು ಹಣೆಗೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಮಾಡಿ "ದೇವ್ ಬರೆಂ ಕರುಂ" ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ. ಡೀನಾ ಬಾಕಿ ಎಲ್ಲಕ್ಕೂ ಇಂಗ್ಲಿಷ್ ಆಡಿದರೂ ಇದೊಂದನ್ನು ಕೊಂಕಣಿಯಲ್ಲೇ ಕೇಳುತ್ತಿದ್ದಳು. ಪರೀಕ್ಷೆಯ ಬೆಳಿಗ್ಗೆ ಸ್ಕೂಲ್ ಬಸ್ಸು ಹಾರ್ನ್ ಮಾಡುತ್ತಿದ್ದರೂ ಬಂದು ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಬಸ್ಸು ತಪ್ಪಿದರೂ ಅವಳಿಗೆ ಪರವಾಗಿರಲಿಲ್ಲ, ಬೆಸಾಂವ್ ತಪ್ಪುವ ಹಾಗಿರಲಿಲ್ಲ.

ಅವಳಿಗೆ ಏಳು ತಿಂಗಳು ತುಂಬಿದಾಗ ಒಂದು ಸಂಜೆ ಬಂದಳು. ತೇರ್ಸ್ ಮುಗಿಯಿತು, ನಾನು ಒಳಗಿನಿಂದ, ಅವರು ಹೊರಗಿನಿಂದ. ಅವಳು ಎದ್ದು ಬಂದು ಪಟ್ಟಿಯ ಎದುರಿಗೇ ನಿಂತಳು. ನಿನ್ನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. "ಪಪ್ಪಾ, ಬೆಸಾಂವ್ ದೀ. ನನಗೆ ಬೇಡ, ಇದಕ್ಕೆ" ಎಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ದೂರ ನಿಲ್ಲು ಡೀನಾ, ದೂರ ದೂರ" ಎಂದೆ. ಸೈಟಿನಲ್ಲಿ ಕ್ರೇನಿನ ಕೆಳಗೆ ಬಂದವನಿಗೆ ಕೂಗುವ ಧ್ವನಿಯಲ್ಲಿಯೇ ಕೂಗಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ವ್ಯಾನಿಟಿ ಬ್ಯಾಗ್ ತೆಗೆದುಕೊಂಡು ಹೋದಳು.

ಮಗುವೇ, ನೀನು ನನ್ನ ಅಷ್ಟು ಹತ್ತಿರ ಬಂದದ್ದು ಅದೊಂದೇ ಸಲ. ಕೈ ಚಾಚಿದ್ದರೆ ಸಿಗುತ್ತಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಟೇಪ್‌ವಾಲಾನಿಗೆ ಎರಡು ಗಲ್ಲಿಯ ದೂರವೂ ಸಾಲದಾಯಿತು. ಮೊದಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕಲ್ಲ, ತಾಯಿಮನೆ ಇಲ್ಲೇ ಇತ್ತು. ನಾನು ಆ ತಾಯಿಯನ್ನೇ, ಅಂದರೆ ನಿನ್ನ ಅಜ್ಜಿಯನ್ನು, ಮಗಳ ಜೊತೆ ಮಂಗಳೂರಿಗೆ ಕಳಿಸಿದೆ! "ಯಲ್ಲಾ, ಇಬ್ಬರೂ ಹೊರಡಿ, ತಡವಾದರೆ ವಿಮಾನದವರು ಹತ್ತಿಸುವುದಿಲ್ಲ" ಎಂದು ಟಿಕೆಟ್ ಮಾಡಿಸಿದೆ. ರೋಸಲಿಂಡ್ ನನ್ನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ, ನಾನು ಗದರಿದೆ. ಏರ್‌ಪೋರ್ಟಿಗೆ ಬೀಳ್ಕೊಡಲು ನಾನು ಹೋಗಲಿಲ್ಲ, ಕಾರಿನಲ್ಲಿ ಗಾಳಿ ಒಂದೇ ಅಲ್ಲವೇ ಎಂದು ಯೋಚಿಸಿದೆ. ಬಾಲ್ಕನಿಯಲ್ಲಿ ನಿಂತು ಕೈ ಬೀಸಿದೆ. ಜೋಸ್ಟನ್ ಆ ಕಡೆಯ ಫ್ಲ್ಯಾಟಿಗೆ ಬೀಗ ಹಾಕಿ ನನ್ನ ಜೊತೆ ಇರಲು ಬಂದ. ನಾನು ಎಳೆದ ಪಟ್ಟಿ ಅರಬ್ಬೀ ಸಮುದ್ರದಷ್ಟು ಅಗಲವಾಯಿತು.

ಆಮೇಲಿನ ಚುಚ್ಚುಮದ್ದಿನ ದಿನ ಕ್ಲೆಮೆಂಟಿನಾ ಬ್ಯಾಂಡೇಜ್ ಕಟ್ಟುತ್ತಾ ಡೀನಾಳ ಬಗ್ಗೆ ವಿಚಾರಿಸಿದಳು. ನಾನು ಹೆಮ್ಮೆಯಿಂದ ನನ್ನ ವ್ಯವಸ್ಥೆಯನ್ನೆಲ್ಲ ವಿವರಿಸಿದೆ, ಪಟ್ಟಿಯಿಂದ ಹಿಡಿದು ಮಂಗಳೂರಿನವರೆಗೆ. ಅವಳು ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಯ್ಯೋ ಅಂಕಲ್, ಯಾರು ಹೇಳಿದ್ದು ನಿಮಗೆ ಹಾಗೆ? ಗಾಯ ಇರುವುದು ಕಾಲಿನಲ್ಲಿ, ಅದೂ ಮುಚ್ಚಿದೆ. ಬೆಸಾಂವ್ ಕೊಡುವುದು ಕೈಯಲ್ಲಿ. ಚೆನ್ನಾಗಿ ಕೈ ತೊಳೆದುಕೊಂಡು ಕೊಟ್ಟರೆ ಏನೂ ಆಗುತ್ತಿರಲಿಲ್ಲ." ಡಾಕ್ಟರ್ ಮುಹಮ್ಮದರೂ ಅದನ್ನೇ ಹೇಳಿದರು. ಹೇಳುವಾಗ ಅವರು ನಗಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಡೀನಾಳನ್ನು ವಾಪಸು ಕರೆಸುವ ಹಾಗಿರಲಿಲ್ಲ, ತಿಂಗಳು ಮೀರಿತ್ತು. ನಾನೇ ಹೋಗೋಣವೆಂದರೆ ನನಗೆ ಉಸಿರು ಕಟ್ಟಲು ಶುರುವಾಗಿತ್ತು. ಕಾಲಿನ ಗಂಟುಗಳು ಮಾತ್ರ ಒಂದೊಂದಾಗಿ ಬಾಡಿ ಉದುರಿದವು. ಕೊನೆಯ ಸೂಜಿಯ ಗಾಯವೊಂದು ಬಿಟ್ಟರೆ ಚರ್ಮ ಈಗ ಹುಡುಗನ ಕಾಲಿನ ಹಾಗೆ ಸಾಫಾಗಿದೆ. ವೈರಸ್ಸು ತನಗೆ ಒಪ್ಪಿಸಿದ ಕೆಲಸವನ್ನು ಮರ್ಯಾದೆಯಿಂದ ಮುಗಿಸಿತು. ಆದರೆ ಸೂಜಿ ತಲುಪದ ಎದೆಗೂಡಿನೊಳಗೆ ಕಾಯಿಲೆ ಮೊದಲೇ ಮನೆ ಮಾಡಿತ್ತು, ಕರೆ ಕೇಳಿ ಅಲ್ಲಿಗೆ ಸೈನ್ಯ ಹೋಗಲಿಲ್ಲ. ಶ್ವಾಸಕೋಶದ ಸುತ್ತ ನೀರು ತುಂಬುತ್ತಿದೆ. ವಿಮಾನ ಹತ್ತಬೇಡಿ ಎಂದು ಡಾಕ್ಟರರು ಖಡಾಖಂಡಿತ ಹೇಳಿದ್ದಾರೆ. ಈ ಒಂದು ನಿಯಮವನ್ನು ಮುರಿಯಲು ನಾನು ತಯಾರಿದ್ದೆ, ಆದರೆ ಏಣಿ ಹತ್ತುವ ಶಕ್ತಿ ಇಲ್ಲ.

ನನಗೆ ಹೆಚ್ಚು ನೋಯುವುದು ಸಾಯುತ್ತೇನೆ ಎಂದಲ್ಲ. ಯಾರನ್ನು ಮುಟ್ಟಬೇಕು, ಯಾರನ್ನು ಬಿಡಬೇಕು ಎಂದು ಕಣ್ಣಿಗೆ ಕಾಣದ ಒಂದು ವೈರಸ್ಸಿಗೆ ಕಲಿಸಿಬಿಟ್ಟರು, ಅದು ಕಲಿಯಿತು. ನನಗೆ ತಲೆ ನೆರೆತರೂ ಗೊತ್ತಾಗಲಿಲ್ಲ. ಮುಟ್ಟಬಾರದ ಮಚ್ಚೆಯನ್ನು ದಿನಾ ಮುಟ್ಟಿ ಎಣ್ಣೆ ಹಚ್ಚಿದೆ, ಮುಟ್ಟಬೇಕಾದ ಮಗಳಿಂದ ಕೈ ಹಿಂದೆಗೆದೆ.

ಹೋದ ವಾರ ಡೀನಾಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಮುಟ್ಟಬಹುದಿತ್ತಂತೆ ಮಗಾ, ನಾನು ಸುಮ್ಮನೆ ನಿನ್ನನ್ನು ಓಡಿಸಿದೆ ಎಂದೆ. ಅವಳು ಹೇಳಿದಳು, "ನನಗೆ ಗೊತ್ತಿತ್ತು ಪಪ್ಪಾ. ಆ ಪೇಪರ್ ನಾನೂ ಓದಿದ್ದೆ. ನನ್ನ ಡಾಕ್ಟರಿಗೂ ಕೇಳಿದ್ದೆ." ನಾನು, "ಮತ್ತೆ ಯಾಕೆ ಹೇಳಲಿಲ್ಲ?" ಎಂದು ರೇಗಿದೆ. ಆಗ ಅವಳು ಹೇಳಿದ್ದನ್ನು ನಿನಗೆ ಹಾಗೆಯೇ ಬರೆಯುತ್ತೇನೆ. "ನೀವು ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ ಪಪ್ಪಾ. ನಿಮ್ಮ ಕಾಯಿಲೆಗೆ ನೀವು ಏನೂ ಮಾಡುವ ಹಾಗಿರಲಿಲ್ಲ. ನನ್ನನ್ನಾದರೂ ಕಾಪಾಡಿದೆ ಅಂತ ನಿಮಗೆ ಸಮಾಧಾನ ಇರಲಿ ಅಂತ ಸುಮ್ಮನಾದೆ. ಆವತ್ತು ಬೆಸಾಂವ್ ಕೇಳಿದ್ದು ಮಾತ್ರ, ಇವತ್ತಾದರೂ ಕೊಡುತ್ತೀರೋ ಏನೋ ಅಂತ."

ಫೋನು ಇಟ್ಟ ಮೇಲೆ ನಾನು ಮಗುವಿನ ಹಾಗೆ ಅತ್ತೆ. ಅವಳನ್ನು ಕಾಯುತ್ತಿದ್ದೇನೆ ಎಂದು ಪಟ್ಟಿಯ ಹಿಂದೆ ಕುಳಿತವನು ನಾನು, ಅಷ್ಟು ದಿನವೂ ನನ್ನನ್ನು ಕಾಯುತ್ತಿದ್ದವಳು ಅವಳು. ಇಂಥವಳ ಹೊಟ್ಟೆಯಲ್ಲಿ ನೀನಿದ್ದೀ. ನಿನ್ನ ಬಗ್ಗೆ ನನಗೆ ಚಿಂತೆಯಿಲ್ಲ.

ಇವತ್ತು ಜೋಸ್ಟನ್ ಕೈಗವಸು ಹಾಕಿಕೊಂಡು ನನ್ನ ಕಾಲಿನ ಬ್ಯಾಂಡೇಜು ಬದಲಿಸಿದ. ನಾಡಿದ್ದಿನಿಂದ ನನ್ನನ್ನು ನೋಡಿಕೊಳ್ಳುವ ಕೆಲಸ ತನ್ನದು ಎಂದು ಕ್ಲೆಮೆಂಟಿನಾ ಹೇಳಿದ್ದಾಳೆ. ಬಾಯಲ್ಲಿ ಕಡಿಮೆ, ಕೈಯಲ್ಲಿ ಹೆಚ್ಚು ಪ್ರೀತಿ ಇರುವ ಮನುಷ್ಯ ನಿನ್ನ ಅಪ್ಪ. ಅವನು ಮುಗಿಸಿ ಏಳುವಾಗ ನಾನು ಬಾತ್‌ರೂಮಿಗೆ ಹೋಗಿ ಸೋಪು ಹಾಕಿ ಕೈ ತೊಳೆದೆ, ಇನ್ನೊಮ್ಮೆ ತೊಳೆದೆ. ಬಂದು ಅವನ ಹಣೆಗೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಮಾಡಿದೆ. "ಇದು ನಿನಗಲ್ಲ. ಮಂಗಳೂರಿನಲ್ಲಿ ಒಬ್ಬರಿಗೆ ತಲುಪಿಸಬೇಕು, ದಾರಿಯಲ್ಲಿ ಬೇರೆ ಯಾರಿಗೂ ಕೊಡಬೇಡ" ಎಂದೆ. "ಕಸ್ಟಮ್ಸಿನವರು ಹಿಡಿದರೆ ಏನು ಹೇಳುವುದು ಪಪ್ಪಾ?" ಎಂದು ತಮಾಷೆ ಮಾಡಲು ನೋಡಿದ. ಆಮೇಲೆ ಇಬ್ಬರೂ ಸೇರಿ ಬಾಗಿಲಿನ ಪಟ್ಟಿಯನ್ನು ಕಿತ್ತು ಕಸದ ಡಬ್ಬಿಗೆ ಹಾಕಿದೆವು.

ಒಂದು ತೊಡಕಿದೆ. ಬೆಸಾಂವ್ ಎಂದರೆ ಕೇಳಿ ಪಡೆಯುವುದು. ಮಗು ಬಂದು ತಲೆ ಬಗ್ಗಿಸಬೇಕು, ಬಾಯಿ ಬಿಟ್ಟು ಕೇಳಬೇಕು, ಆಮೇಲೆ ಹಿರಿಯರು ಕೊಡಬೇಕು. ನನ್ನ ಅಪ್ಪನೂ ಹಾಗೆಯೇ ಕೊಟ್ಟದ್ದು, ನಾನೂ ಹಾಗೆಯೇ. ನೀನು ಮಾತು ಕಲಿತು ನನ್ನ ಮುಂದೆ ಬಂದು ಕೇಳುವ ತನಕ ನನ್ನ ಉಸಿರು ಕಾಯುವುದಿಲ್ಲ. ಬದುಕಿಡೀ ನಿಯಮಕ್ಕಿಂತ ಒಂದು ಮೊಳ ಹಿಂದೆಯೇ ನಿಂತವನು ನಾನು. ಈ ಒಂದು ಸಲ ಒಂದು ಹೆಜ್ಜೆ ಮುಂದೆ ಬರುತ್ತಿದ್ದೇನೆ. ಜೋಸ್ಟನ್ ನಿನ್ನ ಹಣೆ ಮುಟ್ಟಿದಾಗ ಆ ಬೆರಳು ನನ್ನದೆಂದು ತಿಳಿ. ನಿನ್ನ ತಾಯಿಯ ಹಣೆಯನ್ನೂ ಮುಟ್ಟಲು ಹೇಳಿದ್ದೇನೆ, ಅವಳು ಕೇಳಿ ಬಹಳ ದಿನವಾಯಿತು.

ನೀನು ಕೇಳಲಿಲ್ಲ, ಆದರೂ ಕೊಟ್ಟೆ. ದೇವ್ ಬರೆಂ ಕರುಂ, ಮಗುವೇ.

ಕೈ ತೊಳೆದು, ಬಾಗಿಲು ತೆರೆದಿಟ್ಟು ಕುಳಿತಿರುವ,
ನಿನ್ನ ಅಜ್ಜ
ಫೌಸ್ಟಿನ್